ಹರಿದ ಅರಿವೆಯ ಹೊಣೆ ಯಾರದು?

ವಿಜಯಪುರದಿಂದ ಅಥಣಿಯ ದಾರಿ ಹಿಡಿದು ಪಡುವಣಕ್ಕೆ ನಡೆದರೆ ಎರಡು ಹರದಾರಿಯೊಳಗೆ ತೊರವಿ ಸಿಕ್ಕುತ್ತದೆ. ಲಕ್ಷ್ಮೀನರಸಿಂಹನ ಗುಡಿಯಿಂದಲೂ, ಆ ನರಹರಿಯ ಅಂಕಿತದಲ್ಲಿ ರಾಮಾಯಣವನ್ನು ಕನ್ನಡಿಸಿದ ಕುಮಾರವಾಲ್ಮೀಕಿಯಿಂದಲೂ ಈ ಊರಿನ ಹೆಸರು ಕನ್ನಡಿಗರ ನಾಲಗೆಯಲ್ಲಿ ನಿಂತಿದೆ. ಎರಡನೆಯ ಇಬ್ರಾಹಿಮ ಆದಿಲಶಹನು 1599ರಲ್ಲಿ ನವರಸಪುರವನ್ನು ಕಟ್ಟಲು ತೊಡಗಿದ್ದು ಇಲ್ಲಿಯೇ; 1624ರಲ್ಲಿ ಮಲಿಕ ಅಂಬರನ ದಂಡು ಅದನ್ನು ಹಾಳುಗೆಡವಿತು. ಆದಿಲಶಾಹಿಯ ರಾಜಧಾನಿಗೆ ನೆಲದಡಿಯ ಸುರಂಗದೊಳಗಿಂದ ಕುಡಿಯುವ ನೀರು ಹರಿದುಹೋದದ್ದೂ ತೊರವಿಯ ಕಡೆಯಿಂದಲೇ. 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯವು ಇಂದು ಅಕ್ಕಮಹಾದೇವಿಯ ಹೆಸರು ಹೊತ್ತು ನಿಂತಿರುವದೂ ಇದೇ ನೆಲದಲ್ಲಿ. ದೇವರು, ಕಾವ್ಯ, ಅರಸೊತ್ತಿಗೆ, ವಿದ್ಯೆ, ಈ ನಾಲ್ಕರ ಬಗೆಗೂ ಬರೆಯತಕ್ಕವರು ಬಹು ಮಂದಿ ಇದ್ದಾರೆ. ಇಲ್ಲಿ ಎತ್ತಿಕೊಂಡ ವಿಷಯವು ಅಷ್ಟು ಘನವಾದದ್ದಲ್ಲ. ಅದು ಹರಿದ ಅರಿವೆಯ ವಿಷಯ. ಆದರೆ ಅರಿವೆಯಿಲ್ಲದೆ ದೇವರ ಉತ್ಸವವೂ ಇಲ್ಲ, ಅರಸನ ದರಬಾರವೂ ಇಲ್ಲ. ಹರಿಯದ ಅರಿವೆಯಂತೂ ಲೋಕದಲ್ಲಿಯೇ ಇಲ್ಲ. ಹರಿದ ಮೇಲೆ ಅದು ಎಲ್ಲಿಗೆ ಹೋಗಬೇಕು, ಯಾರ ವೆಚ್ಚದಿಂದ ಹೋಗಬೇಕು ಎಂಬ ಪ್ರಶ್ನೆಯನ್ನು ಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟಿ ಸುಮ್ಮನಿರುವ ಕಾಲ ಮುಗಿದಿದೆ.

ಈ ಸೀಮೆಯ ಹಳೆಯ ಮನೆಗಳಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಳಕಲ್ಲ ಸೀರೆಯೊಂದು ಮನೆಗೆ ಬಂತೆಂದರೆ ಅದಕ್ಕೆ ಹಲವು ಜನ್ಮಗಳ ಆಯುಷ್ಯ. ಮೊದಲು ಜಾತ್ರೆಗೆ ಮದುವೆಗೆ ಉಡುವ ಸೀರೆ. ಬಣ್ಣ ಮಾಸಿದ ಮೇಲೆ ಹೊಲಕ್ಕೆ ಉಡುವ ಸೀರೆ. ನಡುವೆ ಸವೆದು ಹಿಸಿದಾಗ ಕೂಸನ್ನು ಮಲಗಿಸುವ ಜೋಳಿಗೆ. ಗಟ್ಟಿಯಾಗಿ ಉಳಿದ ತುಂಡಿನಿಂದ ಕೂಸಿಗೇ ಒಂದು ಕುಂಚಿಗೆ. ಅಂಚನ್ನು ಸುತ್ತಿದರೆ ಕೊಡ ಹೊರುವವಳ ತಲೆಗೆ ಸಿಂಬಿ. ಗುಳೇದಗುಡ್ಡದ ಖಣದ ಕುಪ್ಪಸವು ತೋಳಿನಲ್ಲಿ ಹರಿದರೂ ಬೆನ್ನಿನ ತುಂಡು ಉಳಿಯುತ್ತಿತ್ತು. ಅದು ಕೌದಿಯ ಮೈಮೇಲೆ ಹೂವಾಗುತ್ತಿತ್ತು.

ಕೌದಿಯೆಂದರೆ ಬಡವರ ಹೊದಿಕೆ ಎಂದಷ್ಟೇ ತಿಳಿದವರು ಕೌದಿಯನ್ನು ಕಣ್ಣಿಟ್ಟು ನೋಡಿದವರಲ್ಲ. ಹಳೆಯ ಅರಿವೆಯ ನಾಲ್ಕೈದು ಪದರುಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಮೇಲೊಂದು ಕೆಳಗೊಂದು ಅಗಲವಾದ ಸೀರೆಯ ಪದರನ್ನಿಟ್ಟು, ಸಾಲುಸಾಲಾಗಿ ದಾರವನ್ನೆಳೆಯುತ್ತ ಹೋಗುವ ಆ ಹೊಲಿಗೆಯು ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ಬೇಸಗೆಯ ಮಧ್ಯಾಹ್ನಗಳ ಕೆಲಸ. ಎಲ್ಲಿ ಯಾವ ತುಂಡು ಕೂಡಬೇಕು, ಯಾವ ಪದರು ಸವೆದಿದೆ, ಯಾವದು ಇನ್ನೂ ತಾಳೀತು ಎಂಬದನ್ನು ಬೆರಳ ತುದಿಯಿಂದ ಮುಟ್ಟಿ ಹೇಳುವ ಜಾಣತನ ಅದಕ್ಕೆ ಬೇಕು. ಕೌದಿ ಹೊಲಿದುಕೊಡುವದನ್ನೇ ಕಸುಬಾಗಿ ಮಾಡಿಕೊಂಡ ಹೆಂಗಸರೂ ಈ ಭಾಗದಲ್ಲಿ ಉಂಟು. ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಹೆಂಗಸರು ಇದನ್ನೇ ಕವಂದಿಯೆನ್ನುತ್ತಾರೆ. ನಾಲ್ಕು ಮೂಲೆಗೆ ಹೂವಿನಂಥ ತುಂಡು ಹಚ್ಚಿದ ಹೊರತು ಅವರ ದೃಷ್ಟಿಯಲ್ಲಿ ಅದು ಬತ್ತಲೆಯೇ ಸರಿ. ಕೌದಿಯೂ ಹರಿದರೆ ಬಂಡಿಗೆ ಹಾಸು, ಚಳಿಯಲ್ಲಿ ಎತ್ತಿಗೆ ಹೊದಿಕೆ, ಒಲೆಯ ಮುಂದೆ ಮಸಿಯರಿವೆ. ಕಡೆಗೆ ದೀಪದ ಬತ್ತಿ, ಇಲ್ಲವೆ ತಿಪ್ಪೆ. ತಿಪ್ಪೆಗೆ ಬಿದ್ದ ಹತ್ತಿಯು ಗೊಬ್ಬರದೊಡನೆ ಹತ್ತಿಯ ಹೊಲಕ್ಕೇ ಮರಳುತ್ತಿತ್ತು. ಕುರುಬರ ಕಂಬಳಿಯ ಕಥೆಯೂ ಇದೇ.

ಇಷ್ಟೆಲ್ಲ ಹೇಳಿದ್ದು ಹಳೆಯದನ್ನು ಹೊಗಳುವದಕ್ಕಲ್ಲ. ಹೊಗಳುವವರು ಈಗ ಸಾಕಷ್ಟು ಮಂದಿ ಆಗಿದ್ದಾರೆ, ಮತ್ತು ಅವರ ಹೊಗಳಿಕೆಯೇ ಈ ಲೇಖನಕ್ಕೆ ಕಾರಣ. ಅರಿವೆಯ ಕಸದ ಮಾತು ಬಂದಾಗಲೆಲ್ಲ, ಅದರ ಹೊಣೆಯನ್ನು ಗಿರಣಿಯವರೂ ಮಾರಾಟಗಾರರೂ ಹೊರಬೇಕೆಂಬ ಸೂಚನೆ ಎದ್ದಾಗಲೆಲ್ಲ, ಸಭೆಯೊಳಗಿಂದ ಒಂದು ಧ್ವನಿ ಏಳುವದುಂಟು: “ಮರುಬಳಕೆಯನ್ನು ಭಾರತೀಯರಿಗೆ ಯಾರು ಕಲಿಸಬೇಕು? ನಮ್ಮ ಅಜ್ಜಿಯರ ಕೌದಿಯನ್ನು ನೋಡಿರಿ. ಇದು ಪಶ್ಚಿಮದವರ ರೋಗ, ಪಶ್ಚಿಮದವರ ಕಾಯಿದೆ, ನಮಗೇಕೆ?” ಈ ಮಾತು ಕಿವಿಗೆ ಬಹಳ ಇಂಪು. ಚಪ್ಪಾಳೆಯೂ ಬೀಳುತ್ತದೆ. ಆದರೆ ಕೌದಿ ಹೊಲಿಯುವವಳ ಪಾಲಿಗೆ ಇದರಷ್ಟು ಅನ್ಯಾಯದ ಮಾತು ಮತ್ತೊಂದಿಲ್ಲ. ಅಜ್ಜಿಯ ಸೂಜಿಯನ್ನು ಹಾಡಿ ಹೊಗಳಿ, ಗಿರಣಿಯ ಯಂತ್ರ ಹೆತ್ತದ್ದನ್ನೆಲ್ಲ ಆ ಸೂಜಿಯ ಮುಂದೆ ಸುರುವಿ ಹೋಗುವ ಯುಕ್ತಿ ಇದು.

ಕೌದಿ ಆಗುತ್ತಿದ್ದದ್ದು ಅಜ್ಜಿಯ ಜಾಣತನ ಒಂದರಿಂದಲೇ ಅಲ್ಲ, ನೇಕಾರನ ಪ್ರಾಮಾಣಿಕತೆಯಿಂದಲೂ. ಅರಿವೆ ಒಂದೇ ಜಾತಿಯದಾಗಿತ್ತು: ಹತ್ತಿಯೆಂದರೆ ಹತ್ತಿ, ಉಣ್ಣೆಯೆಂದರೆ ಉಣ್ಣೆ, ರೇಶಿಮೆಯೆಂದರೆ ರೇಶಿಮೆ. ಎರಡು ಜಾತಿ ಕೂಡಿದ ಕಡೆಯಲ್ಲಿಯೂ ಅವುಗಳನ್ನು ಬಿಡಿಸಲು ಬರುತ್ತಿತ್ತು. ಇಳಕಲ್ಲ ಸೀರೆಯನ್ನೇ ನೋಡಬಹುದು. ಅದರ ಒಡಲು ಹತ್ತಿಯದಿದ್ದು ಸೆರಗು ರೇಶಿಮೆಯದೋ ಚಮಕಾದ್ದೋ ಆಗಿದ್ದರೆ, ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸಿರುತ್ತಾರೆ. ಕೂಡಿದ ಗೆರೆ ಕಣ್ಣಿಗೆ ಕಾಣುತ್ತದೆ. ಕತ್ತರಿಗೆ ದಾರಿ ಗೊತ್ತು. ಇಂದಿನ ಅಂಗಡಿಯ ಅಗ್ಗದ ಅಂಗಿಯಲ್ಲಿ ಹತ್ತಿಯೂ ಪಾಲಿಯೆಸ್ಟರೂ ಕೂಡುವದು ನೇಯುವಲ್ಲಿ ಅಲ್ಲ, ನೂಲುವಲ್ಲಿ. ಒಂದೇ ಎಳೆಯೊಳಗೆ ಎರಡು ಜಾತಿಯ ಕೂದಲು ಸುತ್ತಿಕೊಂಡಿರುತ್ತವೆ. ಮೇಲೆ ಹಿಗ್ಗುವ ಗುಣಕ್ಕಾಗಿ ಸ್ಪಾಂಡೆಕ್ಸಿನದು ಮೂರನೆಯದು. ಇವನ್ನು ಸೂಜಿ ಕತ್ತರಿಗಳಿಂದ ಬಿಡಿಸುವದು ಬ್ರಹ್ಮನಿಗೂ ಸಾಧ್ಯವಿಲ್ಲ; ರಸಾಯನಶಾಸ್ತ್ರದ ದೊಡ್ಡ ಕಾರಖಾನೆಗೂ ಇನ್ನೂ ಬಲು ತೊಡಕಿನ, ದುಬಾರಿಯ ಕೆಲಸವೇ ಆಗಿದೆ.

ಪಾಲಿಯೆಸ್ಟರು ಕಲ್ಲೆಣ್ಣೆಯ ಮಗು. ಅದು ಬೆವರನ್ನು ಹೀರುವದಿಲ್ಲವಾದ್ದರಿಂದ ಅದರ ಕೌದಿ ಬೇಸಗೆಯಲ್ಲಿ ಮೈಗೆ ಹತ್ತುವದಿಲ್ಲ. ಬತ್ತಿ ಮಾಡಿದರೆ ಎಣ್ಣೆ ಹಿಡಿಯುವ ಬದಲು ಕರಗಿ ಗಂಟಾಗುತ್ತದೆ. ಒಲೆಯ ಮುಂದಿನ ಅರಿವೆಯಾಗಿ ಕಿಡಿ ತಗಲಿದರೆ ಚರ್ಮಕ್ಕೇ ಅಂಟುತ್ತದೆ. ತಿಪ್ಪೆಗೆ ಹಾಕಿದರೆ ತಿಪ್ಪೆಯನ್ನು ಹೊಲಕ್ಕೆ ಹೊಡೆಯುವ ದಿನ ರಂಟೆಗೆ ಸಿಕ್ಕು ಹಾಗೆಯೇ ಮೇಲೆ ಬರುತ್ತದೆ. ಜೋಳಿಗೆಯಿಂದ ತಿಪ್ಪೆಯವರೆಗಿನ ಆ ಹಳೆಯ ಸೋಪಾನದ ಒಂದೊಂದೇ ಮೆಟ್ಟಿಲನ್ನು ಕಿತ್ತವರು ಗಿರಣಿಯವರು. ಏರಿ ಇಳಿಯಲಾರದೆ ನಿಂತ ಹೆಂಗಸಿಗೆ “ನೀನು ನಿನ್ನ ಸಂಸ್ಕೃತಿಯನ್ನು ಮರೆತಿರುವೆ” ಎಂದು ಉಪದೇಶಿಸುವವರು ಅವರ ವಕೀಲರು.

ಇನ್ನು ಪ್ರಮಾಣದ ಮಾತು. ಲೋಕದಲ್ಲಿ 2023ರಲ್ಲಿ ತಯಾರಾದ ನೂಲಿನ ನಾರು ಸುಮಾರು 12 ಕೋಟಿ 40 ಲಕ್ಷ ಟನ್ನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 57ರಷ್ಟು, ಪಾಲಿಯೆಸ್ಟರು. ಭಾರತದಲ್ಲಿ ವರುಷಕ್ಕೆ ಸುಮಾರು 78 ಲಕ್ಷ ಟನ್ನು ಅರಿವೆಯ ಕಸ ಕೂಡುತ್ತದೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅದರಲ್ಲಿ ಅರ್ಧದಷ್ಟು ಮಾತ್ರ ಮನೆಗಳಿಂದ ಬರುವ ಹಳೆಯ ಬಟ್ಟೆ. ಉಳಿದದ್ದರ ಬಹುಪಾಲು ಗಿರಣಿ, ಮಗ್ಗ, ಸಿದ್ಧ ಉಡುಪಿನ ಕಾರಖಾನೆಗಳಲ್ಲಿಯೇ ಬೀಳುವ ನೂಲು, ಚಿಂದಿ, ಕತ್ತರಿಪಟ್ಟಿ. ಸ್ವಲ್ಪ ಭಾಗ ಪರದೇಶದಿಂದ ಹಡಗಿನಲ್ಲಿ ಬಂದದ್ದು. ಎಂದರೆ, ಯಾರೂ ಇನ್ನೂ ಮೈಗೆ ಹಾಕಿಕೊಳ್ಳದ ಅರಿವೆಯೇ ಕಸದ ರಾಶಿಯಲ್ಲಿ ದೊಡ್ಡ ಪಾಲುಗಾರ. ಅದಕ್ಕೆ ಯಾವ ಅಜ್ಜಿ ಹೊಣೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥ ಸಂದರ್ಭಕ್ಕಾಗಿಯೇ ಹುಟ್ಟಿರಬೇಕು.

ಹಳೆಯ ಅರಿವೆಯಿಂದ ಹೊಸ ಅರಿವೆ ಮಾಡುವ ವಿದ್ಯೆ ಹೊಸದೇನಲ್ಲ. ಇಂಗ್ಲಂಡದ ಯಾರ್ಕಶಾಯರಿನ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬವನು 1813ರಲ್ಲಿ ಉಣ್ಣೆಯ ಚಿಂದಿಯನ್ನು ಹಿಂಜಿ, ಹೊಸ ಉಣ್ಣೆಯೊಡನೆ ಬೆರೆಸಿ ನೂಲುವದನ್ನು ಆರಂಭಿಸಿದನು. ಆ ಕಸುಬಿನ ಇಂದಿನ ರಾಜಧಾನಿ ಭಾರತದಲ್ಲಿಯೇ ಇದೆ, ಹರಿಯಾಣಾದ ಪಾನಿಪತ. ಮೂರು ಯುದ್ಧಗಳಿಂದ ಹೆಸರಾದ ಆ ಊರಿಗೆ ಪಶ್ಚಿಮ ದೇಶಗಳ ತೊಟ್ಟು ಬಿಟ್ಟ ಕೋಟುಗಳು ಕಾಂಡಲಾ ಬಂದರದಿಂದ ಬರುತ್ತವೆ. ಹೆಂಗಸರು ನೆಲದ ಮೇಲೆ ಕುಳಿತು ಗುಂಡಿ, ಜಿಪ್ಪು, ಒಳಪದರುಗಳನ್ನು ಕಿತ್ತು, ಬಣ್ಣ ಬಣ್ಣದ ರಾಶಿ ಮಾಡುತ್ತಾರೆ; ಯಂತ್ರಗಳು ಹಿಂಜುತ್ತವೆ; ಅದರಿಂದ ನೂಲಾಗಿ ಕಂಬಳಿಯಾಗುತ್ತದೆ. ಭೂಕಂಪ ನೆರೆಗಳ ಕಾಲಕ್ಕೆ ಲೋಕದ ಎಷ್ಟೋ ನಿರಾಶ್ರಿತರು ಹೊದ್ದದ್ದು ಆ ಕಂಬಳಿಯನ್ನೇ. ಆ ಕೆಲಸಗಾರರ ಎದೆಗೂಡಿಗೆ ಸೇರುವ ಧೂಳು, ಅವರಿಗೆ ಹತ್ತುವ ಕೆಮ್ಮು, ಇವುಗಳ ಲೆಕ್ಕ ಕಂಬಳಿಯ ಬೆಲೆಯಲ್ಲಿ ಸೇರುವದಿಲ್ಲ. ಅಂಥ ಪಾನಿಪತಕ್ಕೂ ಈಗ ಸಂಕಟ ಬಂದಿದೆ: ಹೊಸ ಪಾಲಿಯೆಸ್ಟರಿನ ಮೆದುವಾದ ಹೊದಿಕೆ ಚಿಂದಿಯ ಕಂಬಳಿಗಿಂತ ಅಗ್ಗವಾಗಿ, ಹಿಂಜುವ ಕಸುಬನ್ನು ಹಿಂದಕ್ಕೆ ತಳ್ಳುತ್ತಿದೆ. ಹೊಸದನ್ನು ಮಾಡುವವನಿಗೆ ಹಳೆಯದರ ಭಾರವೇ ಇಲ್ಲವಾದಾಗ ಹಳೆಯದರಿಂದ ಜೀವಿಸುವವನು ಸೋಲುವದು ಸಹಜ.

“ನಾವೂ ಮರುಬಳಕೆ ಮಾಡುತ್ತೇವೆ, ನಮ್ಮ ಅಂಗಿಯ ಚೀಟಿಯನ್ನು ಓದಿರಿ” ಎಂದು ದೊಡ್ಡ ಅಂಗಡಿಯವರು ಹೇಳುವದುಂಟು. ಚೀಟಿಯ ಮೇಲೆ ಹಸಿರು ಎಲೆ, ಕೆಳಗೆ ‘ಮರುಬಳಕೆಯ ಪಾಲಿಯೆಸ್ಟರು’. ಆದರೆ ಆ ಪಾಲಿಯೆಸ್ಟರು ಬಂದದ್ದು ಹಳೆಯ ಅಂಗಿಯಿಂದಲ್ಲ, ನೀರಿನ ಬಾಟಲಿಯಿಂದ. ಲೋಕದಲ್ಲಿ ಮರುಬಳಕೆಯಾದ ಪಾಲಿಯೆಸ್ಟರಿನ ನೂರಕ್ಕೆ ತೊಂಬತ್ತೆಂಟರಷ್ಟು ಬಾಟಲಿಯದೇ. ಬಾಟಲಿಯನ್ನು ಮತ್ತೆ ಬಾಟಲಿಯಾಗಿ ಮಾಡಬಹುದಿತ್ತು. ಅಂಗಿಯಾಯಿತೆಂದರೆ ಅದರ ದಾರಿ ಅಲ್ಲಿಗೇ ಮುಗಿಯಿತು. ಹಳೆಯ ಅರಿವೆ ಮತ್ತೆ ಉಡುವ ಅರಿವೆಯಾಗಿ ಮರಳುವದು ನೂರಕ್ಕೆ ಒಂದರಷ್ಟೂ ಇಲ್ಲವೆಂದು 2017ರಲ್ಲಿ ಎಲೆನ್ ಮೆಕಾರ್ಥರ್ ಪ್ರತಿಷ್ಠಾನವು ತೋರಿಸಿತ್ತು. ಹೀಗಿರಲು ಹಸಿರು ಎಲೆಯ ಚೀಟಿಯು ನೆರೆಮನೆಯ ಹಸುವಿನ ಹಾಲನ್ನು ತನ್ನ ಎಮ್ಮೆಯದೆಂದು ತೋರಿಸುವ ಜಂಬ.

ಶುದ್ಧ ಹತ್ತಿಯ ಗತಿಯೇ ಬೇರೆ. ಹತ್ತಿಯ ಚಿಂದಿಯಿಂದ ಕಾಗದವಾಗುತ್ತದೆ. ಭಾರತದ ನೋಟಿನ ಕಾಗದವು ಪೂರ್ತಿ ಹತ್ತಿಯದೇ, ಮತ್ತು ಮೈಸೂರಿನಲ್ಲಿ 2015ರಿಂದ ಅದನ್ನು ತಯಾರಿಸುವ ಗಿರಣಿ ಇದೆ. ಹತ್ತಿಯ ಕಸರು ಸರಕಾರದ ಮುದ್ರೆ ಹೊತ್ತು ಎಲ್ಲರ ಕಿಸೆಯಲ್ಲಿ ಮೆರೆಯುತ್ತದೆ. ಮಿಶ್ರಣದ ಚಿಂದಿಗೆ ಆ ಯೋಗವಿಲ್ಲ. ಆದ್ದರಿಂದ ಹೊಣೆಯ ಪ್ರಶ್ನೆಯು ಕಸದ ಬುಟ್ಟಿಯಲ್ಲಿ ಹುಟ್ಟುವದಿಲ್ಲ, ನೂಲುವ ಯಂತ್ರದ ಬಾಯಲ್ಲಿ ಹುಟ್ಟುತ್ತದೆ. ಅರಿವೆಯಲ್ಲಿ ಏನೇನು ಬೆರೆಯಬೇಕು, ಅದು ಎಷ್ಟು ಒಗೆತ ತಾಳಬೇಕು, ಗುಂಡಿಯನ್ನು ಹೊಲಿಯಬೇಕೋ ಅಂಟಿಸಬೇಕೋ ಎಂಬದನ್ನು ನಿರ್ಣಯಿಸುವವನೊಬ್ಬನೇ ಅದರ ಅಂತ್ಯವನ್ನೂ ನಿರ್ಣಯಿಸಿರುತ್ತಾನೆ. ನಿರ್ಣಯಿಸಿದವನು ತೆರಬೇಕು. ವಾದವೆಲ್ಲ ಇಷ್ಟೇ.

ಜೇಡರ ದಾಸಿಮಯ್ಯನ ಕಥೆ ಕನ್ನಡಿಗರಿಗೆ ಗೊತ್ತಿದ್ದದ್ದೇ. ನೇಯ್ದು ಸಂತೆಗೆ ಒಯ್ದ ಬೆಲೆಯುಳ್ಳ ವಸ್ತ್ರವನ್ನು ಶಿವನು ಮುದಿ ಜಂಗಮನಾಗಿ ಬಂದು ಬೇಡಿ, ಕೊಟ್ಟೊಡನೆ ಕಣ್ಣೆದುರಿಗೇ ಚಿಂದಿ ಚಿಂದಿಯಾಗಿ ಹರಿದನಂತೆ. ಭಕ್ತನ ತಾಳ್ಮೆಯನ್ನು ತೋರಿಸುವದಕ್ಕಾಗಿ ಇದನ್ನು ಹೇಳುತ್ತ ಬಂದಿದ್ದಾರೆ. ಆದರೆ ಇನ್ನೊಂದು ಸಂಗತಿಯೂ ಇದರಲ್ಲಿ ಇದೆ: ತಾನು ನೇಯ್ದ ಅರಿವೆ ಹರಿಯುವಾಗ ನೇಕಾರನು ಅಲ್ಲಿಯೇ ನಿಂತಿದ್ದನು. ಇಂದಿನ ಅರಿವೆಯ ಒಡೆಯನು ಅದು ಹರಿಯುವ ಊರಿನ ಹೆಸರನ್ನೂ ಬಲ್ಲವನಲ್ಲ.

ಈ ನ್ಯಾಯವು ಭಾರತದ ಕಾಯಿದೆಗೆ ಅಪರಿಚಿತವೇ? ಸರ್ವಥಾ ಅಲ್ಲ. ಕೆಡಿಸಿದವನೇ ತೆರಬೇಕೆಂಬ ತತ್ತ್ವವು ಈ ದೇಶದ ನ್ಯಾಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ, ವೆಲ್ಲೂರಿನ ಚರ್ಮದ ಕಾರಖಾನೆಗಳ ಮೊಕದ್ದಮೆಯಲ್ಲಿ, ಸಾರಿ ಹೇಳಿತು. ಹಳೆಯ ಬ್ಯಾಟರಿಯನ್ನು ಮಾರಾಟಗಾರನು ಮರಳಿ ಪಡೆಯಬೇಕೆಂಬ ನಿಯಮ 2001ರಲ್ಲಿ ಬಂದಿತು. ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ಕೊಳ್ಳುವ ರೈತನು ಹಳೆಯದನ್ನು ಅಂಗಡಿಯಲ್ಲಿಟ್ಟು ಬೆಲೆಯಲ್ಲಿ ಮುರಿದುಕೊಳ್ಳುವದು ಇಂದು ಎಲ್ಲ ಕಡೆಗೂ ರೂಢಿ. ವಿದ್ಯುನ್ಮಾನ ಉಪಕರಣಗಳ ತಯಾರಕರ ಮೇಲೆ 2011ರ ನಿಯಮಗಳಲ್ಲಿಯೂ, ಪ್ಲಾಸ್ಟಿಕದ ಹೊದಿಕೆಯವರ ಮೇಲೆ 2016ರ ಮತ್ತು 2022ರ ನಿಯಮಗಳಲ್ಲಿಯೂ, ಟಾಯರಿನವರ ಮೇಲೆ 2022ರಲ್ಲಿಯೂ ಇದೇ ಹೊಣೆ ಬಿತ್ತು. ಪ್ಲಾಸ್ಟಿಕದ ಚೀಲದಲ್ಲಿ ಸುತ್ತಿದ ಪಾಲಿಯೆಸ್ಟರಿನ ಅಂಗಿಯನ್ನು ಕೊಂಡರೆ, ಚೀಲಕ್ಕೆ ಹೊಣೆಗಾರನುಂಟು, ಒಳಗಿನ ಅಂಗಿಗೆ ಇಲ್ಲ! ಎರಡೂ ಅದೇ ಕಲ್ಲೆಣ್ಣೆಯಿಂದ ಬಂದವು. ಈ ವಿಚಿತ್ರಕ್ಕೆ ಸಮಾಧಾನ ಹೇಳಬಲ್ಲ ಪಂಡಿತರಿದ್ದರೆ ಮುಂದೆ ಬರಲಿ.

ಸರಕಾರವು ಗಿರಣಿಗಳ ವಿಷಯದಲ್ಲಿ ಕಠಿಣವಾಗಿರಲಾರದೆಂಬ ಮಾತೂ ಸುಳ್ಳು. 2025ರ ಸಪ್ಟಂಬರದಲ್ಲಿ ಕೃತಕ ನಾರಿನ ಮೇಲಿನ ತೆರಿಗೆಯನ್ನು ನೂರಕ್ಕೆ 18ರಿಂದ 5ಕ್ಕೂ, ಕೃತಕ ನೂಲಿನ ಮೇಲಿನದನ್ನು 12ರಿಂದ 5ಕ್ಕೂ ಇಳಿಸಲಾಯಿತು. ಉದ್ಯಮಕ್ಕೆ ಇಷ್ಟು ದೊಡ್ಡ ಉಪಕಾರ ಮಾಡುವ ದಿನವೇ, ಅದರ ಸಣ್ಣದೊಂದು ಪಾಲನ್ನು ಹಳೆಯ ಅರಿವೆಯ ನಿಧಿಗೆಂದು ತೆಗೆದಿಡಿರೆಂದು ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಕೇಳದಿದ್ದರೆ ಏನಾಗುತ್ತದೆಂಬದಕ್ಕೆ ತಮಿಳುನಾಡಿನ ತಿರುಪ್ಪೂರು ಸಾಕ್ಷಿಯಾಗಿ ನಿಂತಿದೆ. ಅಲ್ಲಿಯ ಬಣ್ಣದ ಕಾರಖಾನೆಗಳ ನೀರು ನೊಯ್ಯಲ್ ನದಿಗೆ ಹರಿದು, ರೈತರ ಹೊಲಕ್ಕೆಂದು ಕಟ್ಟಿದ ಒರತ್ತುಪಾಳಯಂ ಆಣೆಕಟ್ಟೆಯು ವಿಷದ ಕೆರೆಯಾಯಿತು. ಕಡೆಗೆ 2011ರ ಜನವರಿಯಲ್ಲಿ ಮದ್ರಾಸ ಉಚ್ಚ ನ್ಯಾಯಾಲಯವು ನೂರಾರು ಕಾರಖಾನೆಗಳ ಬಾಗಿಲು ಮುಚ್ಚಿಸಬೇಕಾಯಿತು. ಅದರಲ್ಲಿ ಕೆಲಸ ಕಳಕೊಂಡವರು ಕೂಲಿಯವರು, ಭೂಮಿ ಕಳಕೊಂಡವರು ರೈತರು. ಆ ಬನಿಯನ್ನುಗಳನ್ನು ಅಗ್ಗವಾಗಿ ಕೊಂಡು ಮಾರಿದ ಹೆಸರಾಂತ ಅಂಗಡಿಗಳ ಒಂದು ಕದವೂ ಮುಚ್ಚಲಿಲ್ಲ.

ಪಶ್ಚಿಮದವರು ಏನು ಮಾಡಿದ್ದಾರೆಂದು ನೋಡುವದಕ್ಕೆ ನಾಚಬೇಕಾದ್ದಿಲ್ಲ. ಅವರನ್ನು ಕುರುಡಾಗಿ ಅನುಸರಿಸಬೇಕಾದ್ದೂ ಇಲ್ಲ. ಫ್ರಾನ್ಸ ದೇಶವು 2007ರಿಂದಲೇ ಉಡುಪು, ಮನೆಯ ಅರಿವೆ, ಪಾದರಕ್ಷೆಗಳ ತಯಾರಕರಿಂದ ತಲೆಗೊಂದು ಸಣ್ಣ ಶುಲ್ಕವನ್ನು ಕೂಡಿಸಿ ಅದರಿಂದ ಹಳೆಯ ಅರಿವೆಯ ಸಂಗ್ರಹವನ್ನೂ ವಿಂಗಡಣೆಯನ್ನೂ ನಡೆಸುವ ಪದ್ಧತಿಯನ್ನು ಹಾಕಿತು. 2022ರ ಜನವರಿಯಿಂದ ಮಾರಾಟವಾಗದೆ ಉಳಿದ ಹೊಸ ಅರಿವೆಯನ್ನು ಸುಡುವದನ್ನೇ ನಿಷೇಧಿಸಿತು. ನೆದರ್ಲಂಡದವರು 2023ರಲ್ಲಿ, ಅಮೇರಿಕೆಯ ಕ್ಯಾಲಿಫೋರ್ನಿಯಾದವರು 2024ರಲ್ಲಿ ಕಾಯಿದೆ ಮಾಡಿದರು. ಯುರೋಪಿನ ಒಕ್ಕೂಟದಲ್ಲಿ 2025ರ ಜನವರಿಯಿಂದ ಅರಿವೆಯನ್ನು ಉಳಿದ ಕಸದಿಂದ ಬೇರೆಯಾಗಿ ಕೂಡಿಸುವದು ಕಡ್ಡಾಯ. ಅದೇ ವರುಷ ತಯಾರಕರ ಹೊಣೆಯನ್ನು ಎಲ್ಲ ಸದಸ್ಯ ದೇಶಗಳಿಗೂ ಕಡ್ಡಾಯ ಮಾಡಿದ ಶಾಸನವೂ ಅಂಗೀಕೃತವಾಯಿತು. ಆದರೆ ಅವರ ಪದ್ಧತಿಯಲ್ಲಿ ಒಂದು ದೊಡ್ಡ ತೂತು ಉಂಟು. ಕೂಡಿಸಿದ ಅರಿವೆಯ ಬಹುಭಾಗ ಹಡಗು ಹತ್ತಿ ಘಾನಾ ದೇಶದ ಅಕ್ರಾದಲ್ಲಿಯ ಕಂಟಮಾಂಟೋ ಪೇಟೆಗೋ, ಚಿಲಿ ದೇಶದ ಅಟಕಾಮಾ ಮರುಭೂಮಿಗೋ, ಪಾನಿಪತಕ್ಕೋ ಹೋಗುತ್ತದೆ. ಮಾರಾಟಕ್ಕೆ ಬಾರದ್ದು ಅಲ್ಲಿಯ ಕಡಲ ದಂಡೆಯಲ್ಲಿ, ಉಸುಕಿನಲ್ಲಿ ಬೀಳುತ್ತದೆ. ಶುಲ್ಕ ಪ್ಯಾರಿಸಿನಲ್ಲಿ ಉಳಿಯಿತು, ಚಿಂದಿ ಅಕ್ರಾಕ್ಕೆ ಬಂತು. ಹೊಣೆಯು ಅರಿವೆಯ ಹಿಂದೆಯೇ ನಡೆಯದಿದ್ದರೆ ಅದು ಹೊಣೆಯಲ್ಲ, ಕಸ ಸಾಗಿಸುವ ಬಾಡಿಗೆ.

ಭಾರತದ ತೂತು ಬೇರೆ ತೆರನಾದದ್ದು. ಅದು ಕಾಗದದ ತೂತು. ಪ್ಲಾಸ್ಟಿಕದ ಹೊಣೆಗಾರಿಕೆಯಲ್ಲಿ ತಯಾರಕರು ಮರುಬಳಕೆಯವರಿಂದ ಪ್ರಮಾಣಪತ್ರ ಕೊಂಡು ಲೆಕ್ಕ ಒಪ್ಪಿಸುವ ಏರ್ಪಾಡು ಇದೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ತನಿಖೆ ಮಾಡಿದಾಗ ಆರು ಲಕ್ಷಕ್ಕೂ ಮಿಕ್ಕಿ ಸುಳ್ಳು ಪ್ರಮಾಣಪತ್ರಗಳು ಸಿಕ್ಕಿಬಿದ್ದವು. ಅವುಗಳನ್ನು ಹೊರಡಿಸಿದ ಸಂಸ್ಥೆಗಳಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅರಿವೆಯ ಕಾಯಿದೆಯನ್ನು ಬರೆಯುವವರು ಈ ಪಾಠವನ್ನು ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಹಣ ಹೋಗಬೇಕಾದದ್ದು ಪ್ರಮಾಣಪತ್ರ ಬರೆಯುವವನ ಕೈಗಲ್ಲ. ಹಳೆಯ ಬಟ್ಟೆಗೆ ಭಾಂಡೆ ಕೊಡುತ್ತ ಓಣಿ ಓಣಿ ತಿರುಗುವವಳಿಗೆ, ಚಿಂದಿ ಆಯುವವಳಿಗೆ, ಬಣ್ಣ ಜಾತಿ ನೋಡಿ ಬೇರ್ಪಡಿಸುವವಳಿಗೆ, ತೂಕದ ಮೇಲೆ, ಕೈಯಲ್ಲಿ. ಇಡೀ ದೇಶದ ಅರಿವೆಯ ಕಸವನ್ನು ಇಷ್ಟು ವರುಷ ಪುಕ್ಕಟೆಯಾಗಿ ನಿರ್ವಹಿಸಿದವರು ಅವರೇ. ಅವರಿಗೆ ಇದುವರೆಗೆ ಸಿಕ್ಕದ್ದು ಭಾಷಣದ ಹೊಗಳಿಕೆ, ಅದೂ ಹೆಚ್ಚು ಇಲ್ಲ.

ವಿರೋಧಿಗಳ ಕಡೆಯ ಬಾಣ ಎರಡು. ಅರಿವೆ ತುಟ್ಟಿಯಾಗುವದು, ಬಡವ ಬತ್ತಲೆ ಇರುವನು ಎಂಬದು ಒಂದು. ಫ್ರಾನ್ಸದಲ್ಲಿ ಶುಲ್ಕವು ಒಂದು ಉಡುಪಿಗೆ ಕೆಲವೇ ಸೆಂಟುಗಳು. ಅಂಗಡಿಯವರು ಹಬ್ಬದ ರಿಯಾಯತಿಯೆಂದು ಬಿಡುವದು ಅದರ ಎಷ್ಟೋ ಪಟ್ಟು. ಅಲ್ಲದೆ ಬಡವನು ಈಗ ಏನೂ ತೆರುತ್ತಿಲ್ಲವೆಂದು ತಿಳಿಯುವದೂ ತಪ್ಪು. ಎರಡೇ ತಿಂಗಳಿಗೆ ಗಂಟುಗಂಟಾಗಿ ಕೆಡುವ ಅಂಗಿಯನ್ನು ವರುಷಕ್ಕೆ ನಾಲ್ಕು ಸಲ ಕೊಳ್ಳುವವನು ತೆರುತ್ತಿದ್ದಾನೆ. ಊರ ಹೊರಗಿನ ಕಸಕ್ಕೆ ಬೆಂಕಿ ಬಿದ್ದ ರಾತ್ರಿ ಹೊಗೆ ಕುಡಿಯುವವನು ತೆರುತ್ತಿದ್ದಾನೆ. ಸುಂದರಕಾಂಡದಲ್ಲಿ ಹನುಮಂತನ ಬಾಲಕ್ಕೆ ಹಳೆಯ ಹತ್ತಿಯ ಅರಿವೆ ಸುತ್ತಿ ಬೆಂಕಿ ಹಚ್ಚಿಸಿದ ರಾವಣನ ಊರೇ ಆ ಬೆಂಕಿಗೆ ತುತ್ತಾಯಿತು. ಹಚ್ಚಿಸಿದವನಿಗೇ ಫಲ ತಟ್ಟಿದ ಮಟ್ಟಿಗೆ ಲಂಕೆಯ ನ್ಯಾಯ ಇಂದಿನದಕ್ಕಿಂತ ಮೇಲು. ಇಂದಿನ ಬೆಂಕಿ ಸುಡುವದು ನೇಯಿಸಿದವನ ಮನೆಯನ್ನಲ್ಲ.

ಎರಡನೆಯ ಬಾಣವು ಹೆಚ್ಚು ಚೂಪಾದದ್ದು: ಕಾಯಿದೆ ಬಂದರೆ ಕೈಮಗ್ಗದವನು ಸಾಯುವನು. ಇಳಕಲ್ಲ, ಗುಳೇದಗುಡ್ಡ, ರಬಕವಿ, ಬನಹಟ್ಟಿಗಳು 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ಈ ಜಿಲ್ಲೆಯವೇ ಆಗಿದ್ದವು. ಅಲ್ಲಿಯ ನೇಕಾರನ ಸ್ಥಿತಿಯನ್ನು ಇಲ್ಲಿಯವರಿಗೆ ಹೊರಗಿನವರು ಬಂದು ತಿಳಿಸಬೇಕಾಗಿಲ್ಲ. ಒಂದೆರಡು ಮಗ್ಗದವನನ್ನೂ ಸಾವಿರಾರು ಯಂತ್ರದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ಯಾರೂ ಹೇಳುತ್ತಿಲ್ಲ. ಕೈಮಗ್ಗಕ್ಕೂ ಸಣ್ಣ ನೇಕಾರನಿಗೂ ಪೂರ್ಣ ವಿನಾಯತಿ ಇರಲೇಬೇಕು. ಶುಲ್ಕವು ಬೆರಕೆಗೆ ಹೆಚ್ಚು, ಒಂದೇ ಜಾತಿಯ ನೂಲಿಗೆ ಕಡಿಮೆ, ಬೇಗ ಹರಿಯುವದಕ್ಕೆ ಹೆಚ್ಚು, ಬಾಳುವದಕ್ಕೆ ಕಡಿಮೆ ಎಂದಾಗಬೇಕು. ಹಾಗಾದರೆ ಅದು ನೇಕಾರನ ಶತ್ರುವಾಗುವ ಬದಲು ಅವನ ಬೆನ್ನಿಗೆ ನಿಲ್ಲುತ್ತದೆ. ಇಳಕಲ್ಲಿನ ಹೆಸರು ಹೇಳಿ ಮಾರುವ ಯಂತ್ರದ ಪಾಲಿಯೆಸ್ಟರಿನ ಸೀರೆಯು ನಿಜವಾದ ಇಳಕಲ್ಲಕ್ಕಿಂತ ಅಗ್ಗವಾಗಿರುವ ಕಾರಣಗಳಲ್ಲಿ ಒಂದು, ಅದರ ಅಂತ್ಯದ ವೆಚ್ಚವನ್ನು ಅದರ ತಯಾರಕನು ಕೊಡದಿರುವದೇ. ಆ ವೆಚ್ಚ ಬೆಲೆಯೊಳಗೆ ಸೇರಿದ ದಿನ ಎರಡು ಸೀರೆಗಳ ನಡುವಿನ ಅಂತರ ಅಷ್ಟರ ಮಟ್ಟಿಗೆ ಇಳಿಯುವದು. ನೇಕಾರನ ಹೆಸರಿನಲ್ಲಿ ಕಣ್ಣೀರು ಸುರಿಸುವವರು ಯಾರ ಮಾಲನ್ನು ಕಾಯುತ್ತಿದ್ದಾರೆಂದು ಇದರಿಂದ ತಿಳಿಯಬಹುದು.

ಕೇಳಬೇಕಾದ ಸ್ಥಳವೂ ಸಮಯವೂ ಹತ್ತಿರವೇ ಇವೆ. ಕೇಂದ್ರ ಸರಕಾರವು 2023ರ ಮಾರ್ಚದಲ್ಲಿ ದೇಶದ ಏಳು ಕಡೆಗೆ ದೊಡ್ಡ ಜವಳಿ ಉದ್ಯಾನಗಳನ್ನು ಘೋಷಿಸಿತು. ಅವುಗಳಲ್ಲಿ ಒಂದು ನೆರೆಯ ಕಲಬುರ್ಗಿಗೆ ಬಂದಿದೆ. ಸುಮಾರು ಸಾವಿರ ಎಕರೆಯ ಆ ಉದ್ಯಾನದಲ್ಲಿ ನೂಲುವದು, ನೇಯುವದು, ಬಣ್ಣ ಹಾಕುವದು, ಹೊಲಿಯುವದು ಎಲ್ಲವೂ ಒಂದೇ ಬೇಲಿಯೊಳಗೆ ಆಗಬೇಕೆಂಬದು ಯೋಜನೆ. ಬಿಚ್ಚುವದು, ಬೇರ್ಪಡಿಸುವದು, ಹಿಂಜುವದು ಏಕೆ ಆ ಬೇಲಿಯೊಳಗೆ ಬೇಡ? ಸರಕಾರದ ಭೂಮಿ, ಸರಕಾರದ ನೀರು, ಸರಕಾರದ ರಸ್ತೆ ಪಡೆದು ಅಲ್ಲಿ ಯಂತ್ರ ಹೂಡುವ ಪ್ರತಿಯೊಬ್ಬನೂ ತಾನು ತಯಾರಿಸಿದ ತೂಕದ ಗೊತ್ತಾದ ಪಾಲಿನಷ್ಟು ಹಳೆಯ ಅರಿವೆಯನ್ನು ವಿಜಯಪುರ, ಕಲಬುರ್ಗಿ, ಬಾಗಲಕೋಟೆಗಳ ಪೇಟೆಗಳಿಂದ ಹಣ ಕೊಟ್ಟು ಮರಳಿ ಪಡೆಯಬೇಕೆಂದು ಕರಾರಿನಲ್ಲಿಯೇ ಬರೆಸಿಕೊಳ್ಳುವದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ಪ್ರತಿ ಉಡುಪಿನ ಚೀಟಿಯಲ್ಲಿ ಎಷ್ಟು ಹತ್ತಿ, ಎಷ್ಟು ಕೃತಕ ಎಂಬದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ, ಸಂತೆಯಲ್ಲಿ ಕೊಳ್ಳುವವಳಿಗೂ ಚಿಂದಿಯ ರಾಶಿಯಲ್ಲಿ ಬೇರ್ಪಡಿಸುವವಳಿಗೂ ಒಂದೇ ಚೀಟಿಯಿಂದ ಕೆಲಸವಾಗುತ್ತದೆ. ಯಾವ ಬೆರಕೆ ಬಿಚ್ಚಲು ಬರುತ್ತದೆ, ಯಾವದು ಬರುವದಿಲ್ಲ ಎಂಬದನ್ನು ಪರೀಕ್ಷಿಸಿ ಪಟ್ಟಿ ಮಾಡುವ ಕೆಲಸವನ್ನು ತೊರವಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ವಹಿಸಬಹುದು. ಅದರ ವೆಚ್ಚವನ್ನು ಶುಲ್ಕದ ನಿಧಿಯಿಂದ ಕೊಡಬಹುದು. ಮತ್ತು ಆ ಪರೀಕ್ಷೆಯ ಮಂಡಳಿಯಲ್ಲಿ ಪದವಿ ಪಡೆದವರ ಪಕ್ಕದಲ್ಲಿ, ಅರಿವೆಯನ್ನು ಬೆರಳಿನಿಂದ ಮುಟ್ಟಿ ಜಾತಿ ಹೇಳಬಲ್ಲ ಕೌದಿಯ ಹೆಂಗಸರಿಗೂ ಕುರ್ಚಿ ಹಾಕಿ, ದಿನದ ಕೂಲಿಯನ್ನು ಅಂದಂದೇ ಕೊಡಬಹುದು.